ಗಿನಿಪಿಗ್ ಗೂಡಿಗೆ ಯಾವ ಹಾಸು? ಮರದ ಸಿಪ್ಪೆ, ಬಿಡಿ ಫ್ಲೀಸ್ ಮತ್ತು ಚೀಲ ಹೊಲಿಸಿದ ಫ್ಲೀಸ್

ಬೊಳ್ಳಿ ಮತ್ತು ಬೆಲ್ಲ ಎಂಬ ಎರಡು ಹೆಣ್ಣು ಗಿನಿಪಿಗ್‌ಗಳು ಮಂಗಳೂರಿನ ಕದ್ರಿಯಲ್ಲಿರುವ ನಮ್ಮ ಮನೆಗೆ ಬಂದು ಒಂದೂವರೆ ವರ್ಷವಾಯಿತು. ಈ ಅವಧಿಯಲ್ಲಿ ಬಳಸಿ ನೋಡಿದ ಹಾಸುಗಳ ಪೈಕಿ, ದಿಂಬಿನ ಚೀಲದಂತೆ ಹೊಲಿಸಿ ಒಳಗೆ ಬೈರಾಸು (ಟವೆಲ್) ತುಂಬಿದ ಫ್ಲೀಸ್ (ಮೃದುವಾದ, ತುಪ್ಪಳದಂತಹ ಕೃತಕ ಬಟ್ಟೆ) ಹಾಸನ್ನು ಬಿಟ್ಟು ಬೇರಾವುದಕ್ಕೂ ನಾನು ಇನ್ನು ಮರಳುವವಳಲ್ಲ. ಎರಡು ಗಿನಿಪಿಗ್‌ಗಳೂ ಹಾಸಿನ ಅಡಿಗೆ ನುಗ್ಗುತ್ತವೆ ಎಂಬುದೇ ಅದಕ್ಕೆ ಮುಖ್ಯ ಕಾರಣ.

ಮೊದಲು ಹಾಕಿದ್ದು ಮರದ ಸಿಪ್ಪೆ, ಅಂದರೆ ಮರ ಹೆರೆದಾಗ ಉದುರುವ ತೆಳು ಚೂರು. ಮಿಲ್ಲಿನಿಂದ ಒಂದು ಗೋಣಿ ತಂದರೆ ಖರ್ಚು ತೀರಾ ಕಡಿಮೆ. ಆದರೆ ಅದರಲ್ಲಿ ಯಾವ ಮರ ಎಷ್ಟು ಬೆರೆತಿದೆ ಎಂದು ತಿಳಿಯುವುದಿಲ್ಲ. ದೇವದಾರು ಮತ್ತು ಒಣಗಿಸದ ಪೈನ್ ಮರಗಳ ಘಾಟು ಈ ಪ್ರಾಣಿಗಳ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಣ್ಣ ಹುಡಿಯಿಂದ ಬೊಳ್ಳಿ ಸೀನತೊಡಗಿದಳು. ಜೂನ್ ಬಂದೊಡನೆ ಗೋಣಿಯ ತಳದಲ್ಲಿ ಬೂಸ್ಟು ಹಿಡಿಯಿತು. ಕಾಗದದ ಗುಳಿಗೆಗಳು ತೇವವನ್ನು ಚೆನ್ನಾಗಿ ಹೀರುತ್ತವೆ, ಆದರೆ ಪ್ರತಿ ತಿಂಗಳೂ ಕೊಳ್ಳುವಷ್ಟು ಹಣ ನನ್ನಲ್ಲಿಲ್ಲ. ಬೈಹುಲ್ಲು ಹೆಚ್ಚೇನೂ ಹೀರುವುದಿಲ್ಲ.

ಆಮೇಲೆ ಟವೆಲಿನ ಮೇಲೆ ಬಿಡಿಯಾಗಿ ಹಾಸಲು ಫ್ಲೀಸ್ ಬಟ್ಟೆ ತಂದೆ. ಹೊಸ ಫ್ಲೀಸಿನ ಮೇಲೆ ನೀರು ಮುತ್ತಿನಂತೆ ನಿಲ್ಲುತ್ತದೆ. ಬಟ್ಟೆ ಮೃದುವಾಗಿಸುವ ದ್ರವ ಹಾಕದೆ, ಬಿಸಿನೀರಿನಲ್ಲಿ ನಾಲ್ಕೈದು ಬಾರಿ ಒಗೆದ ನಂತರ ಒಂದು ಚಮಚ ನೀರು ಸುರಿದರೆ ಅದು ಕ್ಷಣದಲ್ಲಿ ಕೆಳಗಿಳಿಯಬೇಕು. ಹಾಗಾದರೆ ಮೂತ್ರ ಅಡಿಯ ಟವೆಲಿಗೆ ಇಳಿದು ಮೇಲ್ಭಾಗ ಒಣಗಿಯೇ ಉಳಿಯುತ್ತದೆ. ಇಷ್ಟನ್ನೂ ಸರಿಯಾಗಿಯೇ ಮಾಡಿದ್ದೆ.

ಎರಡನೆಯ ರಾತ್ರಿಯೇ ತೊಂದರೆ ಶುರುವಾಯಿತು. ಬೆಲ್ಲ ಮೂಲೆಯ ಅಂಚನ್ನು ಹಲ್ಲಿನಿಂದ ಕಚ್ಚಿ ತಲೆ ಮೇಲೆತ್ತುತ್ತಾಳೆ, ಆ ಸಂದಿಗೆ ಮೂಗು ತೂರಿಸುತ್ತಾಳೆ, ಆಮೇಲೆ ಫ್ಲೀಸಿನ ಕೆಳಗೆ ಹರಿದಾಡುವ ಒಂದು ಉಬ್ಬು ಮಾತ್ರ ಕಾಣುತ್ತದೆ. ಅವಳ ಹಿಂದೆಯೇ ಬೊಳ್ಳಿ. ಬೆಳಗಾಗುವಷ್ಟರಲ್ಲಿ ಫ್ಲೀಸ್ ಒಂದು ಬದಿಗೆ ಮುದ್ದೆಯಾಗಿ, ಮೇಯಲು ಹಾಕಿದ ಒಣಹುಲ್ಲು ಅಡಿಗೆ ಸೇರಿ, ಇಬ್ಬರೂ ನೆನೆದ ಟವೆಲಿನ ಮೇಲೆಯೇ ಮಲಗಿದ್ದರು. ಒಣಗಿದ್ದ ಮೇಲ್ಭಾಗ ಯಾರಿಗೂ ಬೇಕಿರಲಿಲ್ಲ. ನಾಲ್ಕು ಮೂಲೆಗೂ ಹಳೆಯ ಹೆಂಚು ಇಟ್ಟೆ, ಎರಡು ಹೆಂಚುಗಳ ನಡುವಿನ ಅಂಚನ್ನು ಎತ್ತಿದರು. ಕ್ಲಿಪ್ ಹಾಕಿದೆ, ಅದನ್ನು ಕಡಿಯಲಾರಂಭಿಸಿದ್ದರಿಂದ ತೆಗೆದೆ. ವಾರ ಕಳೆಯುವಷ್ಟರಲ್ಲಿ ಬೆಲ್ಲಳ ಹೊಟ್ಟೆಯ ರೋಮ ಹಳದಿಯಾಗಿತ್ತು, ಹಿಂಗಾಲಿನ ಅಂಗಾಲು ಕೆಂಪಾಗಿತ್ತು. ಗಿನಿಪಿಗ್‌ಗಳ ಅಂಗಾಲಿನಲ್ಲಿ ರೋಮವಿಲ್ಲ. ತೇವದಲ್ಲಿ ನಿಂತರೆ ಅಲ್ಲಿ ಹುಣ್ಣಾಗುತ್ತದೆ, ಆ ಹುಣ್ಣು ಬಹಳ ನಿಧಾನವಾಗಿ ಮಾಯುತ್ತದೆ. ಆ ಕಾಲನ್ನು ಕೈಯಲ್ಲಿ ಹಿಡಿದು ನೋಡಿದಾಗ ನನಗಾದ ಸಂಕಟವನ್ನು ಮರೆಯಲಾರೆ.

ಇದು ಅವುಗಳ ತುಂಟತನವಲ್ಲ. ದಕ್ಷಿಣ ಅಮೆರಿಕದ ಹುಲ್ಲುಗಾಡಿನಲ್ಲಿರುವ ಇವುಗಳ ಕಾಡು ಬಂಧುಗಳು ಬಿಲ ತೋಡುವುದರಲ್ಲಿ ನಿಪುಣರಲ್ಲ. ಎತ್ತರದ ಹುಲ್ಲಿನ ನಡುವಿನ ಜಾಡುಗಳಲ್ಲಿ, ಬೇರೆ ಪ್ರಾಣಿಗಳು ತೋಡಿಟ್ಟ ಬಿಲಗಳಲ್ಲಿ ಅಡಗುತ್ತವೆ. ಬೆನ್ನಿಗೆ ಏನಾದರೂ ಮರೆಯಿದ್ದರೆ ಅವುಗಳಿಗೆ ಧೈರ್ಯ. ಆದ್ದರಿಂದ ನುಗ್ಗುವುದನ್ನು ನಿಲ್ಲಿಸುವುದಲ್ಲ, ನುಗ್ಗಲು ಒಣ ಜಾಗ ಕೊಡುವುದು ನಮ್ಮ ಕೆಲಸ.

ಆನ್‌ಲೈನ್‌ನಲ್ಲಿ 1,650 ರೂಪಾಯಿ ಕೊಟ್ಟು ತರಿಸಿದ, ಪದರಗಳನ್ನು ಸೇರಿಸಿ ಹೊಲಿದ ಸಿದ್ಧ ಹಾಸಿನ ಅಡಿಗೆ ಅವರಿಗೆ ಹೋಗಲಾಗಲಿಲ್ಲ, ನಿಜ. ಆದರೆ ಅದು ಎಷ್ಟು ದಪ್ಪವೆಂದರೆ ಜುಲೈ ತಿಂಗಳಲ್ಲಿ ಫ್ಯಾನಿನ ಕೆಳಗೆ ಮೂರು ದಿನ ಹರಡಿದರೂ ಒಣಗದೆ ಮುಗ್ಗಲು ವಾಸನೆ ಬಂತು. ನಮ್ಮ ಕರಾವಳಿಯ ಮಳೆಗಾಲಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಕೊನೆಗೆ ಹಂಪನಕಟ್ಟೆ ಪೇಟೆಯಲ್ಲಿ ಫ್ಲೀಸ್ ಕೊಂಡು, ಗೂಡಿನ ಅಳತೆಗೆ ಎರಡು ಚೀಲ ಹೊಲಿಸಿದೆ. ಬಟ್ಟೆ ಮತ್ತು ಹೊಲಿಗೆ ಸೇರಿ 1,200 ರೂಪಾಯಿ. ಒಳಗೆ ಮಡಚಿದ ಬೈರಾಸುಗಳನ್ನು ಹರಡಿ, ಬಾಯಿಯನ್ನು ಅಡಿಗೆ ಮಡಚಿ, ಮೂಲೆಯ ಲಾಡಿಗಳನ್ನು ಗೂಡಿನ ಸರಳುಗಳಿಗೆ ಹೊರಗಿನಿಂದ ಕಟ್ಟುತ್ತೇನೆ. ಎತ್ತಲು ಸಡಿಲ ಅಂಚೇ ಸಿಗುವುದಿಲ್ಲ. ಚೀಲ ಮತ್ತು ಬೈರಾಸನ್ನು ಬೇರೆ ಬೇರೆ ಒಗೆದು ಹರವುವುದರಿಂದ ಮಳೆಯಲ್ಲೂ ಸಂಜೆ ಒಗೆದದ್ದು ಮರುದಿನಕ್ಕೆ ಸಿದ್ಧ. ಇದರ ಮೇಲೆ ಎರಡು ಅಡಿಯ ಒಂದು ಬಿಡಿ ಫ್ಲೀಸ್ ತುಂಡನ್ನು ಸುಮ್ಮನೆ ಹರಡುತ್ತೇನೆ. ಈಗ ಅವರು ನುಗ್ಗುವುದು ಅದರಡಿಗೆ, ಮತ್ತು ಅಡಿಯಲ್ಲಿಯೂ ಒಣ ಹಾಸು. ಬೆಲ್ಲಳ ಅಂಗಾಲು ಮೂರು ವಾರದಲ್ಲಿ ಮೊದಲಿನ ಬಣ್ಣಕ್ಕೆ ಬಂತು.

ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಹಿಕ್ಕೆ ಗುಡಿಸಲು ಹತ್ತು ನಿಮಿಷ, ಮೂರು ದಿನಕ್ಕೊಮ್ಮೆ ಒಗೆತ: ಇಷ್ಟು ನನಗೆ ಸಾಧ್ಯ. ಒಗೆಯುವ ಯಂತ್ರವಿಲ್ಲದವರು ಕಾಗದದ ಗುಳಿಗೆಯನ್ನೇ ಆರಿಸಬಹುದು. ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಮಾತ್ರ ನಾನು ಬಿಡಿ ತುಂಡನ್ನು ತೆಗೆದುಬಿಡುತ್ತೇನೆ, ಏಕೆಂದರೆ ಈ ಪ್ರಾಣಿಗಳು ಶಾಖ ತಡೆಯಲಾರವು. ಅದರ ಬದಲು ಎರಡೂ ಬದಿ ತೆರೆದ ರಟ್ಟಿನ ಪೆಟ್ಟಿಗೆಯನ್ನೂ ಮಲಗಲು ತಣ್ಣನೆಯ ಒಂದು ಟೈಲ್ಸನ್ನೂ ಇಡುತ್ತೇನೆ.