ಗ್ರಿಲ್ ಕೊಳ್ಳುವವರಿಗೆ ಎಚ್ಚರಿಕೆ: ಬೂದಿ ಮುಚ್ಚಿದ ಕೆಂಡವನ್ನು ಕೋಣೆಯೊಳಗೆ ತರಬೇಡಿ

ಹಿತ್ತಲಲ್ಲೋ ತಾರಸಿಯಲ್ಲೋ ಅಡುಗೆ ಮಾಡಲು ಗ್ರಿಲ್ ಕೊಳ್ಳುವವರು ಸಾಮಾನ್ಯವಾಗಿ ರುಚಿ, ಬೆಲೆ, ಹೊಗೆ ಇವಿಷ್ಟನ್ನು ವಿಚಾರಿಸಿ, ಇದ್ದಿಲಿನದೋ ಗ್ಯಾಸಿನದೋ ಎಂದು ತೀರ್ಮಾನಿಸುತ್ತಾರೆ. ಬೆಂಗಳೂರಿನಂತಹ ಊರಿನಲ್ಲಿ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಮಳೆ ಬಂದಾಗ ಆ ಬೆಂಕಿಯನ್ನು ಕೂಡಲೇ ಆರಿಸಲು ಸಾಧ್ಯವೇ ಎಂಬುದನ್ನು. ಇದನ್ನು ಯಾರೂ ಕೇಳದೆ ಹೋದದ್ದರಿಂದ ನನ್ನ ಅಕ್ಕನ ಮನೆಯಲ್ಲಿ ಇಬ್ಬರು ಮಕ್ಕಳು ಆಸ್ಪತ್ರೆ ಸೇರಬೇಕಾಯಿತು.

ರಾಜರಾಜೇಶ್ವರಿ ನಗರದ ಅವರ ಮನೆಯ ತಾರಸಿಯಲ್ಲಿ ಕಳೆದ ಮೇ ತಿಂಗಳಲ್ಲಿ ಊಟ ಏರ್ಪಾಡಾಗಿತ್ತು. ಭಾವನವರು ಗ್ಯಾಸ್ ಗ್ರಿಲ್ ತರಲೆಂದೇ ಅಂಗಡಿಗೆ ಹೋಗಿದ್ದರು. ಅಂಗಡಿಯವನು, “ಇದು ಹೊಗೆ ಬರದ ಇದ್ದಿಲು ಸಾರ್, ಮಳೆ ಬಂದರೆ ಒಳಗಿಟ್ಟುಕೊಂಡೂ ಮಾಡಬಹುದು, ಏನೂ ಆಗಲ್ಲ” ಎಂದು ಭರವಸೆ ಕೊಟ್ಟು ಇದ್ದಿಲಿನ ಗ್ರಿಲ್ಲನ್ನೇ ಮಾರಿದ. ಮುಸುಕಿನ ಜೋಳ, ಪನೀರು, ಕೋಳಿ ಎಲ್ಲವೂ ಬೆಂದು ಊಟ ಮುಗಿಯುವ ಹೊತ್ತಿಗೆ ಗುಡುಗು ಸಹಿತ ಮಳೆ ಸುರಿಯತೊಡಗಿತು. ಕೆಂಡದ ಮೇಲೆ ಬಿಳಿಯ ಬೂದಿ ಕಟ್ಟಿ ಎಲ್ಲ ಆರಿದಂತೆ ಕಾಣುತ್ತಿದ್ದುದರಿಂದ ಗ್ರಿಲ್ಲನ್ನು ತಾರಸಿಯ ಕೋಣೆಯೊಳಗೆ ಇಟ್ಟರು. ಎರಚಲು ಹೊಡೆಯುತ್ತದೆಂದು ಬಾಗಿಲು, ಕಿಟಕಿಗಳನ್ನು ಮುಚ್ಚಿ ಮಕ್ಕಳು ಅಲ್ಲೇ ಕೇರಂ ಆಡುತ್ತ ಕುಳಿತರು.

ಸ್ವಲ್ಪ ಹೊತ್ತಿನಲ್ಲಿ ಅಕ್ಕನ ಮಗಳಿಗೆ ತಲೆಸಿಡಿತ ಶುರುವಾಗಿ ವಾಂತಿಯಾಯಿತು. ಜೊತೆಗಿದ್ದ ಪಕ್ಕದ ಮನೆಯ ಹುಡುಗ ಎದ್ದು ನಿಲ್ಲಲಾರದೆ ಕುಸಿದ. ಕೋಳಿ ಸರಿಯಾಗಿ ಬೆಂದಿಲ್ಲವೆಂದೇ ಎಲ್ಲರೂ ಭಾವಿಸಿದರು. ರಕ್ತದಲ್ಲಿನ ಆಮ್ಲಜನಕ ಅಳೆಯಲು ಕೊರೋನಾ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರನ್ನು ಬೆರಳಿಗೆ ಹಾಕಿ ನೋಡಿದರೆ 98 ತೋರಿಸಿತು. ಅದನ್ನು ನಂಬಿ ಮಜ್ಜಿಗೆ ಕುಡಿಸಿ ಮಲಗಿಸುವ ಮಾತೂ ನಡೆಯಿತು. ಅಕ್ಕ ಹಟ ಹಿಡಿದು ಆಸ್ಪತ್ರೆಗೆ ಹೊರಡಿಸದಿದ್ದರೆ ಏನಾಗುತ್ತಿತ್ತೋ ಯೋಚಿಸಲೂ ಭಯವಾಗುತ್ತದೆ. “ಕೋಣೆಯಲ್ಲಿ ಏನಾದರೂ ಉರಿಯುತ್ತಿತ್ತೇ?” ಎಂದು ವೈದ್ಯರು ಮೊದಲು ಕೇಳಿದರು. ರಕ್ತಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿರುವುದು ಖಚಿತವಾಯಿತು. ಮಾಸ್ಕ್ ಹಾಕಿ ಆಮ್ಲಜನಕ ಕೊಡುತ್ತ ರಾತ್ರಿಯೆಲ್ಲ ಇಬ್ಬರನ್ನೂ ಅಲ್ಲೇ ಇರಿಸಿಕೊಂಡರು. ಮರುದಿನ ಅಂಗಡಿಗೆ ಹೋಗಿ ವಿಚಾರಿಸಿದಾಗ, ಹೊರಗಡೆ ಮಾತ್ರ ಬಳಸಬೇಕೆಂದು ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆಯಲ್ಲ ಎಂಬ ಉತ್ತರ ಬಂತು.

ಹೊಗೆ ಬರದಿದ್ದರೆ ವಿಷವೂ ಬರುವುದಿಲ್ಲ ಎಂಬುದು ಜೀವ ತೆಗೆಯುವ ತಪ್ಪು ತಿಳಿವಳಿಕೆ. ಕಟ್ಟಿಗೆಯಲ್ಲಿರುವ ನೀರು ಮತ್ತು ಹೊಗೆಯಾಗುವ ಅಂಶಗಳಲ್ಲಿ ಹೆಚ್ಚಿನವು ಅದನ್ನು ಸುಟ್ಟು ಇದ್ದಿಲು ಮಾಡುವಾಗಲೇ ಹೊರಟುಹೋಗಿರುತ್ತವೆ. ಉಳಿಯುವುದು ಬಹುಪಾಲು ಇಂಗಾಲ. ಅದು ಸಾಕಷ್ಟು ಗಾಳಿ ಸಿಗದೆ ನಿಧಾನವಾಗಿ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದರಿಂದ ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕ ಸಾಲದಾಗುತ್ತದೆ. ಮನೆಯಲ್ಲಿ ಬಳಸುವ ಆಕ್ಸಿಮೀಟರಿಗೆ ರಕ್ತದಲ್ಲಿ ಸೇರಿರುವುದು ಆಮ್ಲಜನಕವೋ ಈ ಅನಿಲವೋ ಎಂಬ ವ್ಯತ್ಯಾಸ ತಿಳಿಯದು; ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಕೋಣೆಯೊಳಗೆ ಕೆಂಡವಿದ್ದರೆ ಕಿಟಕಿ ತೆರೆದಿಟ್ಟರೂ ಸಾಲದು.

ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಹೇಳದೆ ಕೇಳದೆ ಮಳೆ ಬರುತ್ತದೆ; ಸೆಪ್ಟೆಂಬರಿನಲ್ಲಂತೂ ಮಳೆ ಇನ್ನೂ ಹೆಚ್ಚು. ಗ್ಯಾಸ್ ಗ್ರಿಲ್ಲಾದರೆ ತಿರುಪು ತಿರುಗಿಸಿ, ರೆಗ್ಯುಲೇಟರ್ ಮುಚ್ಚಿ ಒಳಗೆ ಬರಬಹುದು. ಇದ್ದಿಲಿಗೆ ಅಂತಹ ತಿರುಪಿಲ್ಲ. ಮುಚ್ಚಳ ಹಾಕಿ, ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ, ಗಂಟೆಗಟ್ಟಲೆ ಹೊರಗೇ ಬಿಡಬೇಕು. ಮರುದಿನವೂ ಬೂದಿಯನ್ನು ಕೆದಕಿ ತಣ್ಣಗಾಗಿದೆಯೇ ಎಂದು ನೋಡಿದ ಮೇಲೆಯೇ ಎಸೆಯಬೇಕು, ಅಲ್ಲಿಯವರೆಗೆ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಬಾರದು. ಆದ್ದರಿಂದ ಮಳೆ ಬಂದರೂ ಹೊರಗೇ ಬಿಡುವಂತಹ ತೆರೆದ ಜಾಗವಿಲ್ಲದವರು ಇದ್ದಿಲಿನ ಗ್ರಿಲ್ ಕೊಳ್ಳಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುಟ್ಟ ಅಡುಗೆಯ ಘಮದಲ್ಲಿ ಬಹುಪಾಲು ಎಣ್ಣೆ, ಕೊಬ್ಬು ಬಿಸಿಯ ಮೇಲೆ ತೊಟ್ಟಿಕ್ಕಿ ಹೊಗೆಯಾಗುವುದರಿಂದ ಬರುತ್ತದೆ, ಅದು ಗ್ಯಾಸಿನಲ್ಲೂ ಸಿಗುತ್ತದೆ.

ಹಾಗೆಂದು ಗ್ಯಾಸ್ ಗ್ರಿಲ್ಲನ್ನೂ ಮನೆಯೊಳಗೆ ಉರಿಸಬಾರದು. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದರಿಂದ ಸೋರಿದರೆ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ. ನೆಲಮಾಳಿಗೆಯ ಪಾರ್ಕಿಂಗ್ ಜಾಗ ಇದಕ್ಕೆ ತೀರ ಅಪಾಯಕಾರಿ. ಹೊತ್ತಿಸುವಾಗ ಮುಚ್ಚಳ ತೆರೆದಿರಬೇಕು, ಇಲ್ಲವಾದರೆ ಒಳಗೆ ತುಂಬಿಕೊಂಡ ಗ್ಯಾಸ್ ಒಮ್ಮೆಲೇ ಭುಗಿಲೆದ್ದು ಮುಖಕ್ಕೆ ಹೊಡೆಯುತ್ತದೆ. ಪೈಪಿನ ಜೋಡಣೆಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಸೋರಿಕೆ ತಿಳಿಯಲೆಂದೇ ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ. ವಾಸನೆ ಬಂದರೆ ಸಿಲಿಂಡರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ ದೂರ ಹೋಗಿ 1906ಕ್ಕೆ ಕರೆ ಮಾಡಿ.

ಇದ್ದಿಲಿನ ಬಳಿ ಕುಳಿತವರಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಊಟದ ಮೇಲೆ ಅನುಮಾನ ಪಡುವ ಮೊದಲು ಎಲ್ಲರನ್ನೂ ಬಯಲಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ, ಇದ್ದಿಲು ಉರಿಯುತ್ತಿತ್ತೆಂಬುದನ್ನು ಆಸ್ಪತ್ರೆಯಲ್ಲಿ ಅವರು ಕೇಳುವ ಮೊದಲೇ ನೀವೇ ಹೇಳಿ.