ಬಯಲ ರಾಕ್ ಕೂಟಕ್ಕೆ ಕರೆಂಟು: ಬಾಡಿಗೆ ಜನರೇಟರ್, ಇನ್ವರ್ಟರ್ ಜನರೇಟರ್, ಬ್ಯಾಟರಿ

ಮೂರನ್ನೂ ಬಂಡೆ ಬಯಲಲ್ಲಿ, ಒಣಗಿದ ಕೆರೆ ಅಂಗಳದಲ್ಲಿ ಓಡಿಸಿ ನೋಡಿದ ಮೇಲೆ ನನ್ನ ಓಟು 2 ಕೆವಿಎ (ಸುಮಾರು 1.8 ಕಿಲೋವ್ಯಾಟ್) ಇನ್ವರ್ಟರ್ ಜನರೇಟರಿಗೆ. ಮೂವತ್ತು ನಲವತ್ತು ಜನ, ಎರಡು ಮೂರು ಬ್ಯಾಂಡು, ಸಂಜೆ ಐದರಿಂದ ಹತ್ತರ ತನಕ. ಈ ಅಳತೆಯ ಕೂಟಕ್ಕೆ ಮಾತ್ರ ಈ ಮಾತು. ಇನ್ನೂರು ಜನ ಸೇರುವುದಾದರೆ ಇದನ್ನು ಓದುತ್ತಾ ಕೂರಬೇಡಿ, ಗಾಡಿ ಮೇಲಿನ ಸೈಲೆಂಟ್ ಡೀಸೆಲ್ ಜನರೇಟರನ್ನೇ ತರಿಸಿ.

ಮೊದಲು ಲೋಡು. ಸ್ಪೀಕರ್ ಮೇಲೆ ಬರೆದ ವ್ಯಾಟುಗಳನ್ನೆಲ್ಲ ಕೂಡಿದರೆ ಮೂರು ಸಾವಿರ ದಾಟುತ್ತೆ, ಅದನ್ನು ನೋಡಿ ಅಂಗಡಿಯವರು 5 ಕೆವಿಎ ಕೊಟ್ಟು ಕಳಿಸುತ್ತಾರೆ. ಅಷ್ಟು ಬೇಕಾಗಿಲ್ಲ. '1000 ವ್ಯಾಟ್' ಎಂದು ಬರೆದ ಕ್ಲಾಸ್ ಡಿ ಪವರ್ಡ್ ಸ್ಪೀಕರ್ (ಕರೆಂಟು ಕಡಿಮೆ ತಿನ್ನುವ ಆಂಪ್ ಒಳಗೇ ಇರುವಂಥದ್ದು) ಹಾಡು ನಡೆಯುವಾಗ ಸರಾಸರಿ ಎಳೆಯುವುದು 100ರಿಂದ 150 ವ್ಯಾಟ್. ಅಂಥವು ಎರಡು, ಒಂದು ಬೇಸ್ ಹೆಡ್ (ಬೇಸ್ ಗಿಟಾರಿನ ಬಿಡಿ ಆಂಪ್), ಎರಡು ಗಿಟಾರ್ ಕಾಂಬೋ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ), ಮಿಕ್ಸರ್, ನಾಲ್ಕು ಎಲ್‌ಇಡಿ ದೀಪ: ಎಲ್ಲ ಸೇರಿ 500ರಿಂದ 700 ವ್ಯಾಟ್. ಕಿಕ್ ಡ್ರಮ್ಮು, ಬೇಸು ಒಟ್ಟಿಗೆ ಬಿದ್ದಾಗ ಕ್ಷಣಕಾಲ 1200ರ ತನಕ ಏರಬಹುದು. ಯಾರಾದರೂ 100 ವ್ಯಾಟಿನ ಟ್ಯೂಬ್ ಹೆಡ್ (ಗಾಜಿನ ವಾಲ್ವ್‌ಗಳ ಗಿಟಾರ್ ಆಂಪ್) ಹೊತ್ತು ತಂದರೆ ಲೆಕ್ಕ ಬೇರೆ: ಸುಮ್ಮನೆ ಆನ್ ಇದ್ದರೂ ಅದಕ್ಕೆ 120-150 ವ್ಯಾಟ್ ಬೇಕು, ಜೋರಾಗಿ ಬಾರಿಸಿದರೆ 300 ದಾಟುತ್ತೆ. 15 ವ್ಯಾಟಿನ ಕಾಂಬೋ ತನ್ನಿ ಅಂತ ಮೊದಲೇ ಹೇಳಿ. ಗೋಡೆಯೇ ಇಲ್ಲದ ಜಾಗದಲ್ಲಿ ದೊಡ್ಡ ಹೆಡ್ಡಿನ ಗತ್ತು ಹೇಗೂ ಕೇಳುವುದಿಲ್ಲ.

ಶಾಮಿಯಾನ ಅಂಗಡಿಯಲ್ಲಿ ಸಿಗುವ ಕಬ್ಬಿಣದ ಫ್ರೇಮಿನ ಜನರೇಟರಿನ ಗುಣ ಒಂದೇ, ಅಗ್ಗ. 50 ಹರ್ಟ್ಸ್ ಕೊಡಬೇಕೆಂದರೆ ಅದರ ಎಂಜಿನ್ ಸದಾ 3000 ಆರ್‌ಪಿಎಮ್‌ನಲ್ಲಿ ತಿರುಗಲೇಬೇಕು. ಎರಡು ಬಲ್ಬ್ ಉರಿದರೂ ಅದೇ ಸದ್ದು, ಪೆಟ್ರೋಲೂ ಲೋಡು ಇಳಿದಷ್ಟು ಇಳಿಯುವುದಿಲ್ಲ. ಗಂಟೆಗೆ ಒಂದು ಲೀಟರಿಗೂ ಮೇಲೆ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಹಳೆಯ ಮಾಡೆಲ್ ಆದರೆ ಹೊಗೆ ಬೇರೆ. ಬೇಸ್ ಬಿದ್ದಾಗೆಲ್ಲ ಎಂಜಿನ್ ಒಮ್ಮೆ ಉಸಿರು ಕಟ್ಟಿ ಮತ್ತೆ ಏರುತ್ತೆ, ದೀಪ ಮಿಣುಕುತ್ತೆ. ವೋಲ್ಟೇಜಿನ ಅಲೆ ಓರೆಕೋರೆ ಆಗಿರುವುದರಿಂದ ಟ್ರಾನ್ಸ್‌ಫಾರ್ಮರ್ ಇರುವ ಗಿಟಾರ್ ಆಂಪ್‌ಗಳು ಗುಂಯ್‌ಗುಡುತ್ತವೆ. ಆ ಗುಂಯ್ ಹೋಗಿಸಲು ಯಾವ ಪೆಡಲೂ ಇಲ್ಲ.

ಸದ್ದಿಗೆ ಮದ್ದು ದೂರ. 7 ಮೀಟರಿನಲ್ಲಿ 70 ಡೆಸಿಬಲ್ ಇದ್ದದ್ದು 30 ಮೀಟರಿಗೆ 12-13 ಡೆಸಿಬಲ್ ಇಳಿಯುತ್ತೆ. ಬಂಡೆಯ ಮರೆ ಸಿಕ್ಕರೆ ಇನ್ನೂ ಕಡಿಮೆ. ಆದರೆ ದೂರ ಎಂದರೆ ವೈರು: 50 ಮೀಟರಿಗೆ 2.5 ಚದರ ಮಿಮೀ ಮೂರು ಕೋರಿನ ತಾಮ್ರದ ಕೇಬಲ್ ಹಾಕಿದರೆ 6 ಆಂಪಿಯರಿಗೆ ನಾಲ್ಕೈದು ವೋಲ್ಟ್ ಇಳಿತ, 1 ಚದರ ಮಿಮೀ ಆದರೆ ಹನ್ನೊಂದರ ಆಸುಪಾಸು. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟಿದ್ದರೆ ಬಿಸಿಯಾಗಿ ಇನ್ಸುಲೇಷನ್ ಕರಗುತ್ತೆ.

ಇನ್ವರ್ಟರ್ ಜನರೇಟರಿನಲ್ಲಿ ಈ ತಾಪತ್ರಯಗಳಲ್ಲಿ ಬಹುಪಾಲು ಇಲ್ಲ. ಎಂಜಿನ್ ಎಷ್ಟೇ ವೇಗದಲ್ಲಿ ತಿರುಗಲಿ, ಒಳಗಿನ ಎಲೆಕ್ಟ್ರಾನಿಕ್ಸ್ ಅದು ಹುಟ್ಟಿಸಿದ ಕರೆಂಟನ್ನು ಡಿಸಿ ಮಾಡಿ, ಮತ್ತೆ ನುಣುಪಾದ 50 ಹರ್ಟ್ಸ್ ಸೈನ್ ವೇವ್ ಕೊಡುತ್ತೆ. ತೂಕ ಇಪ್ಪತ್ತು ಕಿಲೋ ಚಿಲ್ಲರೆ, ಒಬ್ಬರೇ ಎತ್ತಬಹುದು. 600 ವ್ಯಾಟ್ ಲೋಡಿಗೆ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಐದು ಗಂಟೆಗೆ ಮೂರು ಲೀಟರ್ ಸಾಕು. ನಮ್ಮ ಬಯಲುಸೀಮೆಯ 900 ಮೀಟರ್ ಎತ್ತರದಲ್ಲಿ ಎಂಜಿನಿನ ತಾಕತ್ತು ಸುಮಾರು ಶೇ. 10 ಕಡಿಮೆ, ಹಾಗಾಗಿ 1.8 ಕಿಲೋವ್ಯಾಟಿನದ್ದನ್ನು 1.6 ಎಂದೇ ಎಣಿಸಿ. ಇಕೋ ಸ್ವಿಚ್ ಆಫ್ ಇರಲಿ. ಆನ್ ಇದ್ದರೆ ಎಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗಲೇ ಎಲ್ಲರೂ ಒಟ್ಟಿಗೆ ಬಾರಿಸಿ, ವೋಲ್ಟೇಜ್ ಕುಸಿದು ಡಿಜಿಟಲ್ ಮಿಕ್ಸರ್ ರೀಬೂಟ್ ಆಗುತ್ತೆ.

ಇಷ್ಟೆಲ್ಲ ಹೊಗಳಿದ ಯಂತ್ರದ ನಿಜವಾದ ಕಿರಿಕಿರಿ ಅರ್ಥಿಂಗ್. ಗಿಟಾರ್ ಹಿಡಿದು ಹಾಡುವವರ ತುಟಿ ಮೈಕಿಗೆ ತಾಗಿದರೆ 'ಚುಳ್' ಅನ್ನುತ್ತೆ. ಮಲ್ಟಿಮೀಟರನ್ನು ಎಸಿಗೆ ಇಟ್ಟು ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ ಹಿಡಿದರೆ 90-110 ವೋಲ್ಟ್ ತೋರಿಸುವುದೂ ಉಂಟು. ಕಾರಣ ಇದು. ಇಂದಿನ ಸ್ಪೀಕರ್, ಮಿಕ್ಸರ್‌ಗಳ ಪವರ್ ಸಪ್ಲೈಯಲ್ಲಿ ಫೇಸಿನಿಂದ ಚಾಸಿಗೆ (ಲೋಹದ ಮೈಗೆ) ಒಂದು, ನ್ಯೂಟ್ರಲ್‌ನಿಂದ ಚಾಸಿಗೊಂದು ಸಣ್ಣ ಕೆಪಾಸಿಟರ್ ಇರುತ್ತೆ. ಅರ್ಥಿಂಗ್ ತಪ್ಪಿದರೆ ಚಾಸಿ ಎರಡರ ನಡುವೆ, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತೆ. ಗಿಟಾರ್ ತಂತಿ ಆಂಪಿನ ಚಾಸಿಗೆ ಸೇರಿದ್ದು, ಮೈಕಿನ ಜಾಲರಿ ಮಿಕ್ಸರ್ ಚಾಸಿಗೆ. ಎರಡರಲ್ಲಿ ಒಂದರ ಅರ್ಥಿಂಗ್ ಎಲ್ಲೋ ಕಡಿದಿದ್ದರೆ ನಡುವೆ ಹಾಡುವವರ ತುಟಿ. ಹರಿಯುವ ಕರೆಂಟು ಒಂದು ಮಿಲಿಆಂಪಿಯರ್ ಒಳಗೇ ಇರಬಹುದು. ಆದರೆ ಆಂಪಿನ ಒಳಗೆ ಫೇಸ್ ಚಾಸಿಗೆ ತಾಗಿದ ದಿನ ಅದೇ ಕಡಿದ ಅರ್ಥಿಂಗ್ ಜೀವ ತೆಗೆಯಬಹುದು.

ಹೆಚ್ಚಿನ ಸಲ ಕಡಿದಿರುವುದು ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ: ಮೂರು ಪಿನ್ನಿನ ಪ್ಲಗ್, ಒಳಗೆ ಎರಡೇ ವೈರು. ಇಲ್ಲವೇ ಹಮ್ (ಆ ಗುಂಯ್ ಸದ್ದು) ನಿಲ್ಲಿಸಲೆಂದು ಯಾರೋ ಅರ್ಥಿಂಗ್ ಪಿನ್ನನ್ನೇ ಮುರಿದಿರುತ್ತಾರೆ. ಹಮ್ ಬಂದರೆ ಡಿಐ ಬಾಕ್ಸಿನ (ಗಿಟಾರನ್ನು ಮಿಕ್ಸರಿಗೆ ಸೇರಿಸುವ ಸಣ್ಣ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಪಿನ್ ಮುಟ್ಟಬೇಡಿ. ಹೊರಡುವ ಮುನ್ನ ಪ್ರತಿ ಬೋರ್ಡಿನ ಅರ್ಥಿಂಗ್ ಪಿನ್ನಿನಿಂದ ಸಾಕೆಟ್ಟಿನ ದೊಡ್ಡ ತೂತಿನ ತನಕ ಮೀಟರ್ ಬೀಪ್ ಅನ್ನುತ್ತದೆಯೇ ನೋಡಿ. ಸ್ಥಳದಲ್ಲಿ ಎಲ್ಲವೂ ಒಂದೇ ಬೋರ್ಡಿನಿಂದ ಹೊರಡಲಿ. ಕೊನೆಗೆ ಮೈಕಿಗೂ ತಂತಿಗೂ ಮೀಟರ್ ಹಿಡಿದು ಒಂದೆರಡು ವೋಲ್ಟಿಗಿಂತ ಕಡಿಮೆ ಇದ್ದರಷ್ಟೇ ಹಾಡಲು ಬಿಡಿ.

ಇನ್ನೊಂದು ಮೋಸ ಇದೆ. ಈ ದರ್ಜೆಯ ಜನರೇಟರುಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಅರ್ಥಿಂಗಿಗೆ ಸೇರಿರುವುದಿಲ್ಲ. ಹಾಗಾಗಿ ನೀವು ಕಾಸು ಕೊಟ್ಟು ಹಾಕಿಸಿದ, 30 ಮಿಲಿಆಂಪಿಯರ್ ಸೋರಿದರೆ ಕರೆಂಟು ಕಡಿಯುವ ಆರ್‌ಸಿಸಿಬಿ ಒಂದು ಯಂತ್ರದಲ್ಲಿ ಫೇಸ್ ಚಾಸಿಗೆ ತಾಗಿದರೂ ಟ್ರಿಪ್ ಆಗುವುದಿಲ್ಲ, ಸೋರಿದ ಕರೆಂಟಿಗೆ ವಾಪಸ್ ದಾರಿಯೇ ಇಲ್ಲ. ಅದರ ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಚೆನ್ನಾಗಿ ಟ್ರಿಪ್ ಆಗುತ್ತೆ, ಯಾಕೆಂದರೆ ಆ ಬಟನ್ನಿಗೆ ಅರ್ಥಿಂಗ್ ಬೇಕಿಲ್ಲ. ಜನ ಇದನ್ನೇ ನಂಬಿ ಕೂರುತ್ತಾರೆ.

ಪರಿಹಾರ: ನ್ಯೂಟ್ರಲ್ ಮತ್ತು ಅರ್ಥಿಂಗ್ ಪಿನ್ ಎರಡನ್ನೂ ಒಳಗೇ ಜೋಡಿಸಿದ ಒಂದು ಪ್ಲಗ್ಗನ್ನು ಜನರೇಟರಿನ ಎರಡನೇ ಸಾಕೆಟ್ಟಿಗೆ ಹಾಕುವುದು. ಫೇಸ್ ಪಿನ್ ಖಾಲಿ. ಎಂಜಿನ್ ಆಫ್ ಇದ್ದಾಗ ನ್ಯೂಟ್ರಲ್-ಅರ್ಥಿಂಗ್ ನಡುವೆ ಮೀಟರ್ ಮೊದಲೇ ಬೀಪ್ ಅಂದರೆ ಇದು ಬೇಡ, ಒಳಗೇ ಜೋಡಣೆ ಇದೆ. ಹಾಕಿದ ಮೇಲೆ ಬೋರ್ಡಿನಲ್ಲಿ ಫೇಸ್-ಅರ್ಥಿಂಗ್ 230, ನ್ಯೂಟ್ರಲ್-ಅರ್ಥಿಂಗ್ ಸೊನ್ನೆ ಬರಬೇಕು. ಆಮೇಲೆ ಫೇಸ್ ಮತ್ತು ಅರ್ಥಿಂಗ್ ನಡುವೆ 15 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಕೊಟ್ಟು ನೋಡಿ, 65 ಮಿಲಿಆಂಪಿಯರ್ ಹರಿದು ಆರ್‌ಸಿಸಿಬಿ ಬೀಳಲೇಬೇಕು. ಪ್ಲಗ್ಗನ್ನೂ ಈ ಪರೀಕ್ಷೆಯನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಕೆಂಪು ಟೇಪ್ ಸುತ್ತಿ ಜನರೇಟರಿಗೇ ಕಟ್ಟಿಡಿ. ಮನೆಯ ಸಾಕೆಟ್ಟಿಗೆ ಅದು ಯಾವತ್ತೂ ಹೋಗಬಾರದು. 1980ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್ ಸುತ್ತ ಕೈಯಸ್ ತರಹದ ಬ್ಯಾಂಡುಗಳು ನುಡಿಸುತ್ತಿದ್ದ ಜನರೇಟರ್ ಪಾರ್ಟಿಗಳ ಹುಚ್ಚು ಹತ್ತಿದವರು ಅಮೆರಿಕದ ವಿಡಿಯೋ ನೋಡಿ ಈ ಪ್ಲಗ್ ಮಾಡಹೊರಡುತ್ತಾರೆ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್, ಪಿನ್ನುಗಳ ಜಾಗವೇ ಬೇರೆ. ನಕಲು ಮಾಡಬೇಡಿ. ಬಂಡೆಯ ಮೇಲೆ ಅರ್ಥಿಂಗ್ ಗೂಟ ಇಳಿಯುವುದಿಲ್ಲ ಎಂಬ ಚಿಂತೆಯೂ ಬೇಡ, ಇಲ್ಲಿ ಸೋರಿದ ಕರೆಂಟು ವಾಪಸ್ ಹೋಗಬೇಕಾದದ್ದು ಜನರೇಟರಿಗೆ, ಮಣ್ಣಿಗಲ್ಲ.

ಬ್ಯಾಟರಿಗೆ ಬರೋಣ. 24 ವೋಲ್ಟ್ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಅಂದರೆ ಸುಮಾರು 2.5 ಯೂನಿಟ್, ಇನ್ವರ್ಟರಿನ ನಷ್ಟ ಕಳೆದು 2.2 ಕೈಗೆ ಸಿಗುತ್ತೆ. 550 ವ್ಯಾಟಿಗೆ ನಾಲ್ಕು ಗಂಟೆ. ಸದ್ದಿಲ್ಲ, ಹೊಗೆಯಿಲ್ಲ, ಮೆಲುದನಿಯ ಹಾಡಿಗೆ ಇದಕ್ಕೆ ಸಾಟಿಯಿಲ್ಲ. ಆದರೆ ಮೂರನೇ ಬ್ಯಾಂಡು ತಡವಾಗಿ ಬಂದರೆ ಕಥೆ ಮುಗಿಯಿತು, ಕ್ಯಾನಿನಿಂದ ಸುರಿಯಲು ಬರುವುದಿಲ್ಲ. ಮನೆಯ ಯುಪಿಎಸ್ ಕಿತ್ತು ತರುವ ಯೋಚನೆ ಇದ್ದರೆ ಸ್ಕ್ವೇರ್ ವೇವ್‌ನದ್ದು ಬೇಡ, ಆಂಪ್ ಇಡೀ ಸಂಜೆ ಗುಂಯ್ ಅನ್ನುತ್ತೆ. 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದೊಂದೂ ಐವತ್ತು ಕಿಲೋ ಮೀರುತ್ತೆ, ಜೀಪ್ ಹಾದಿಯಲ್ಲಿ ಆಸಿಡ್ ತುಳುಕುತ್ತೆ.

ಪೆಟ್ರೋಲನ್ನು ಲೋಹದ ಕ್ಯಾನಿನಲ್ಲೇ ತನ್ನಿ, ಎಂಜಿನ್ ಆರಿಸಿ ಕಾಲು ಗಂಟೆ ತಣಿದ ಮೇಲೇ ಸುರಿಯಿರಿ. ಎರಡು ಬ್ಯಾಂಡುಗಳ ನಡುವಿನ ಬಿಡುವನ್ನು ಅದಕ್ಕೇ ಇಟ್ಟುಕೊಳ್ಳಿ. ಮಳೆ ಬರುತ್ತಿದೆ ಎಂದು ಓಡುವ ಜನರೇಟರನ್ನು ಟೆಂಟಿನೊಳಗೆ ಎಳೆದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ಜಮೀನಿನವರ ಒಪ್ಪಿಗೆಯ ಜೊತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿಯೂ ಬೇಕು, 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಬಯಲಲ್ಲಿ ಸ್ಪೀಕರ್ ಹಚ್ಚುವಂತಿಲ್ಲ. ಅರಣ್ಯ ಇಲಾಖೆಯ ಜಾಗದ ಆಸೆ ಬಿಡಿ.

ವರ್ಷಕ್ಕೊಂದು ಕೂಟವಾದರೆ ಖರೀದಿ ಬೇಡ. ಬಾಡಿಗೆ ಜನರೇಟರ್ ತಂದು, ಬಾಡಿಗೆಯಲ್ಲಿ ಉಳಿದ ದುಡ್ಡನ್ನು 50 ಮೀಟರ್ ಒಳ್ಳೆಯ ಕೇಬಲ್ಲಿಗೆ ಹಾಕಿ. ತಿಂಗಳಿಗೊಂದು, ಎರಡು ತಿಂಗಳಿಗೊಂದು ಕೂಟ ಮಾಡುವವರು, ಸಾಮಾನನ್ನೆಲ್ಲ ಒಂದೇ ಜೀಪಿಗೆ ತುಂಬುವವರು ನಾಲ್ಕೈದು ಜನ ಸೇರಿ ಇನ್ವರ್ಟರ್ ಜನರೇಟರನ್ನೇ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಒಂದು ಕಿಲೋವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಚ್ಚಿ ಹತ್ತು ನಿಮಿಷ ಓಡಿಸಿ ನೋಡಿ. ಅಷ್ಟಕ್ಕೇ ಓವರ್‌ಲೋಡ್ ದೀಪ ಹತ್ತಿದರೆ ಎಷ್ಟು ಅಗ್ಗವಾದರೂ ಬೇಡ.