ಧರ್ಮ ಕೇಳದ ಅರ್ಜಿ, ಗೋಡೆಗೆ ಅಂಟುವ ನೋಟಿಸು: ವಿಶೇಷ ವಿವಾಹ ಕಾಯ್ದೆಯ ಸೇವೆ ಹೇಗಿದೆ?

ಬೇರೆ ಬೇರೆ ಧರ್ಮದ ಇಬ್ಬರು ಮದುವೆಯಾಗಬೇಕು, ಆದರೆ ಯಾರೂ ಮತಾಂತರವಾಗಬಾರದು. ಹೀಗೆ ತೀರ್ಮಾನಿಸಿದ ಜೋಡಿಗೆ ಭಾರತದಲ್ಲಿ ಯಾವ ಧರ್ಮದವರಿಗೂ ತೆರೆದಿರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಕರ್ನಾಟಕದಲ್ಲಿ ಈ ಸೇವೆ ಸಿಗುವುದು ಸೈಟು, ಹೊಲ ರಿಜಿಸ್ಟರ್ ಆಗುವ ಅದೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ. ಅಲ್ಲಿನ ಉಪನೋಂದಣಾಧಿಕಾರಿಯೇ ಕಾಯ್ದೆ ಹೇಳುವ ವಿವಾಹಾಧಿಕಾರಿ. ಸೇವೆಯ ಅತ್ಯುತ್ತಮ ಗುಣವೂ ಅತಿ ದೊಡ್ಡ ದೋಷವೂ ಮೊದಲ ದಿನ ಕೊಡುವ ಒಂದೇ ಕಾಗದದಲ್ಲಿವೆ.

ಆ ಕಾಗದ ಉದ್ದೇಶಿತ ಮದುವೆಯ ನೋಟಿಸು. ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ಅದರ ನಮೂನೆ ಏನೇನು ಕೇಳುತ್ತದೆ ನೋಡಿ: ಹೆಸರು, ಅವಿವಾಹಿತರೋ ವಿಧವೆ/ವಿಧುರರೋ ವಿಚ್ಛೇದಿತರೋ, ಉದ್ಯೋಗ, ವಯಸ್ಸು, ಈಗಿನ ವಾಸಸ್ಥಳ, ಅದು ಕಾಯಂ ಅಲ್ಲದಿದ್ದರೆ ಕಾಯಂ ವಿಳಾಸ, ಎಷ್ಟು ದಿನದಿಂದ ವಾಸ. ಧರ್ಮದ ಕಾಲಂ ಇಲ್ಲ, ಜಾತಿಯ ಕಾಲಂ ಇಲ್ಲ. ಮದುವೆಯ ದಿನ ಸಹಿ ಹಾಕುವ ಘೋಷಣೆಯಲ್ಲೂ ಇಲ್ಲ. ಇದರ ಬೆಲೆ ಗೊತ್ತಾಗಬೇಕಾದರೆ ಇದಕ್ಕೂ ಹಿಂದಿನ 1872ರ ಕಾಯ್ದೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದರಡಿ ಮದುವೆಯಾಗಲು ಇಬ್ಬರೂ ‘ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ, ಯಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಅಲ್ಲ’ ಎಂದು ಬರೆದುಕೊಡಬೇಕಿತ್ತು. ದೇವರ ಮನೆಯಲ್ಲಿ ದೀಪ ಹಚ್ಚುವವರೂ ಮದುವೆಗಾಗಿ ತಮ್ಮ ನಂಬಿಕೆಯನ್ನು ಅಲ್ಲಗಳೆಯಬೇಕಿತ್ತು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮತಮ್ಮೊಳಗೆ ಮಾತ್ರ ವಿನಾಯಿತಿ ಕೊಟ್ಟಿತು. 1954ರ ಕಾಯ್ದೆ ಆ ಪ್ರಶ್ನೆಯನ್ನೇ ಕೈಬಿಟ್ಟಿತು. ಇವಳು ಉಪವಾಸ ಹಿಡಿಯಬಹುದು, ಅವನು ವ್ರತ ಮಾಡಬಹುದು. ಅದು ಸರ್ಕಾರದ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಕ್ರಮ. ಇಬ್ಬರಲ್ಲಿ ಒಬ್ಬರಾದರೂ ನೋಟಿಸು ಕೊಡುವ ಜಿಲ್ಲೆಯಲ್ಲಿ ಅದಕ್ಕೂ ಮುಂಚಿನ ಸತತ 30 ದಿನ ವಾಸವಾಗಿರಬೇಕು. ಮೊದಲು ಎಡವುವುದು ಇಲ್ಲೇ. ಊರು ಬಿಟ್ಟು ಬಂದು ವಾರದೊಳಗೆ ಅರ್ಜಿ ಹಾಕಲು ಹೋದರೆ ವಾಸದ ದಾಖಲೆಯ ಪ್ರಶ್ನೆ ಏಳುತ್ತದೆ. ಬಾಡಿಗೆ ಕರಾರು, ಪಿಜಿಯ ರಸೀದಿ, ಕಂಪನಿಯ ಪತ್ರ, ಯಾವುದಾದರೂ ಸರಿ, ತಾರೀಖು 30 ದಿನಕ್ಕಿಂತ ಹಿಂದಿನದಿರಲಿ. ವರನಿಗೆ 21, ವಧುವಿಗೆ 18 ತುಂಬಿರಬೇಕು. ಜನನ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಅಂಕಪಟ್ಟಿ, ಗುರುತಿನ ಚೀಟಿ, ಫೋಟೊ, ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿಯ ದೃಢೀಕೃತ ನಕಲು ಅಥವಾ ಮರಣ ಪ್ರಮಾಣಪತ್ರ ಸಿದ್ಧವಿರಲಿ. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ನೋಟಿಸಿಗೆ ಮೊದಲೇ ಸರಿಪಡಿಸಿಕೊಳ್ಳಿ. ಪ್ರಮಾಣಪತ್ರದಲ್ಲಿ ತಪ್ಪು ಇಳಿದ ಮೇಲೆ ವೀಸಾ, ವಿಮೆ, ಪಿಂಚಣಿ ಎಲ್ಲ ಕಡೆ ಅದೇ ತಪ್ಪು ಹಿಂಬಾಲಿಸುತ್ತದೆ. ಜೋಡಿಯಲ್ಲಿ ಒಬ್ಬರು ವಿದೇಶಿ ಪ್ರಜೆಯಾದರೂ ಈ ಸೇವೆ ಸಿಗುತ್ತದೆ. ಆಗ ಅವರ ರಾಯಭಾರ ಕಚೇರಿಯಿಂದ ಮದುವೆಗೆ ಅಡ್ಡಿಯಿಲ್ಲವೆಂಬ ಪತ್ರ ತರಿಸಿಕೊಳ್ಳಬೇಕು.

ನೋಟಿಸು ಕೈಸೇರಿದ ಮೇಲೆ ಅಧಿಕಾರಿ ಅದನ್ನು ವಿವಾಹ ನೋಟಿಸು ಪುಸ್ತಕದಲ್ಲಿ ಬರೆದು, ಒಂದು ಪ್ರತಿಯನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸುತ್ತಾರೆ. ಆ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ನಿಯಮ 6ನೇ ಕಲಮಿನಲ್ಲಿದೆ. ಇಬ್ಬರಲ್ಲಿ ಒಬ್ಬರ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಪ್ರತಿ ಅಲ್ಲಿನ ವಿವಾಹಾಧಿಕಾರಿಗೂ ಹೋಗುತ್ತದೆ, ಅಲ್ಲಿನ ಗೋಡೆಗೂ ಅಂಟುತ್ತದೆ. ಬೆಂಗಳೂರಿನಲ್ಲಿ ಅರ್ಜಿ ಕೊಟ್ಟರೆ ಹಾಸನಕ್ಕೋ ರಾಯಚೂರಿಗೋ ಸುದ್ದಿ ಮುಟ್ಟುವುದಿಲ್ಲ ಎಂಬ ಲೆಕ್ಕ ತಪ್ಪುವುದು ಹೀಗೆ. ಆದ್ದರಿಂದ ಮನೆಯವರಿಗೆ ಹೇಳಬೇಕೆಂದಿದ್ದರೆ ನೋಟಿಸಿಗೆ ಮೊದಲೇ ನಿಮ್ಮ ಬಾಯಿಂದ ಹೇಳಿ. ಅಪ್ಪ ಅಮ್ಮನಿಗೆ ಮಗಳ ಮದುವೆಯ ವಿಷಯ ಸರ್ಕಾರಿ ಗೋಡೆಯಿಂದ, ಅದೂ ಬೇರೆಯವರ ಮೊಬೈಲಿನ ಫೋಟೊದಿಂದ ತಿಳಿಯುವುದಕ್ಕಿಂತ ನೋವಿನ ರೀತಿ ಇನ್ನೊಂದಿಲ್ಲ. ಒಪ್ಪಬಹುದಾಗಿದ್ದವರೂ ಆ ಅವಮಾನಕ್ಕೆ ಮುಖ ತಿರುಗಿಸಿಬಿಡುತ್ತಾರೆ.

ಇಬ್ಬರು ಹಿಂದೂಗಳು 1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದರೆ ಇಂಥ ಯಾವ ಪ್ರದರ್ಶನವೂ ಇಲ್ಲ. ನಿಕಾಹ್‌ಗೂ ಇಲ್ಲ. ಮತ ಬದಲಿಸದೆ ಒಟ್ಟಿಗೆ ಬಾಳುತ್ತೇವೆ ಎಂದು ಈ ಕಾಯ್ದೆಗೆ ಬರುವವರ ಹೆಸರು, ವಿಳಾಸ, ವಯಸ್ಸು ಗೋಡೆಗೇರುತ್ತವೆ. ಧರ್ಮವನ್ನು ಅರ್ಜಿ ಕೇಳದಿದ್ದರೂ ಹೆಸರುಗಳೇ ಹೇಳಿಬಿಡುತ್ತವೆ. ಅರ್ಜಿದಾರರ ಮನೆಗೆ ನೋಟಿಸು ಕಳಿಸುವ ಪರಿಪಾಠ ಕಾಯ್ದೆಯಲ್ಲಿಲ್ಲ ಎಂದು ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿತು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಜೋಡಿ ಲಿಖಿತವಾಗಿ ಕೋರಿದರೆ ಮಾತ್ರ ನೋಟಿಸು ಪ್ರಕಟಿಸಬೇಕು ಎಂದಿತು. ಇವು ಬೇರೆ ಹೈಕೋರ್ಟುಗಳ ತೀರ್ಪು. ಕರ್ನಾಟಕದ ಕಚೇರಿಯಲ್ಲಿ ಇವುಗಳ ಪ್ರತಿ ತೋರಿಸಿ ಕೇಳಬಹುದು, ಒಪ್ಪಲೇಬೇಕೆಂದು ಪಟ್ಟು ಹಿಡಿಯಲು ಆಗದು. ನೋಟಿಸು ಅಂಟುತ್ತದೆ ಎಂದುಕೊಂಡೇ ಯೋಜನೆ ಮಾಡಿ.

ಆಕ್ಷೇಪಣೆಯ ಭಯ ಮಾತ್ರ ಬೇಕಿರುವುದಕ್ಕಿಂತ ಹೆಚ್ಚಿದೆ. ಪ್ರಕಟವಾದ 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು ನಿಜ. ಆದರೆ ಕಾರಣ 4ನೇ ಕಲಮಿನ ಷರತ್ತುಗಳ ಉಲ್ಲಂಘನೆಯೇ ಆಗಿರಬೇಕು: ಗಂಡನೋ ಹೆಂಡತಿಯೋ ಬದುಕಿರುವುದು, ವಯಸ್ಸು ಸಾಲದಿರುವುದು, ಒಪ್ಪಿಗೆ ಕೊಡುವ ಮಾನಸಿಕ ಸಾಮರ್ಥ್ಯವಿಲ್ಲದಿರುವುದು, ನಿಷಿದ್ಧ ನೆಂಟಸ್ತಿಕೆ. ತಂದೆತಾಯಿಗೆ ಇಷ್ಟವಿಲ್ಲ, ಸಮುದಾಯಕ್ಕೆ ಒಪ್ಪಿಗೆಯಿಲ್ಲ ಎಂಬುದು ಆಕ್ಷೇಪಣೆಯೇ ಅಲ್ಲ. ಆಕ್ಷೇಪಣೆಯ ಸ್ವರೂಪ ಪುಸ್ತಕದಲ್ಲಿ ದಾಖಲಾಗಿ ಆಕ್ಷೇಪಿಸಿದವರ ಸಹಿ ಬೀಳಬೇಕು. ಅಧಿಕಾರಿ 30 ದಿನದೊಳಗೆ ವಿಚಾರಣೆ ಮುಗಿಸಬೇಕು. ದುರುದ್ದೇಶದಿಂದ ಕೊಟ್ಟದ್ದೆಂದು ಕಂಡರೆ ಆಕ್ಷೇಪಿಸಿದವರ ಮೇಲೆ 1,000 ರೂಪಾಯಿವರೆಗೆ ವೆಚ್ಚ ಹೇರಬಹುದು. ಈ ಮೊತ್ತ ಇಂದಿಗೆ ಯಾರನ್ನೂ ಹೆದರಿಸದು, ಏರಿಸಲೇಬೇಕು. ಆಕ್ಷೇಪಣೆಯನ್ನು ಅಧಿಕಾರಿ ಎತ್ತಿಹಿಡಿದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು.

ಎರಡು ಗಡಿಯಾರಗಳು ಬೇರೆ ಬೇರೆ ಓಡುತ್ತವೆ, ಎಚ್ಚರ. 30 ದಿನದ ಎಣಿಕೆ ನೋಟಿಸು ಅಂಟಿಸಿದ ದಿನದಿಂದ, ಆದರೆ ಮದುವೆ ಮುಗಿಸಬೇಕಾದ ಮೂರು ತಿಂಗಳ ಎಣಿಕೆ ನೋಟಿಸು ಕೊಟ್ಟ ದಿನದಿಂದ. ಜೂನ್ 1ಕ್ಕೆ ಕೊಟ್ಟ ನೋಟಿಸನ್ನು ಕಚೇರಿ ಜೂನ್ 20ಕ್ಕೆ ಅಂಟಿಸಿದರೆ ಜುಲೈ 20ರವರೆಗೆ ಕಾಯಬೇಕು, ಆಗಸ್ಟ್ ಕೊನೆಯೊಳಗೆ ಮುಗಿಸಬೇಕು. ನಡುವೆ ಆಕ್ಷೇಪಣೆಯ ವಿಚಾರಣೆಗೆ ದಿನ ಹೋದರೂ ಈ ಮೂರು ತಿಂಗಳು ನಿಲ್ಲುವುದಿಲ್ಲ. ಮೇಲ್ಮನವಿ ಹಾಕಿದ್ದರೆ ಮಾತ್ರ ಅದರ ತೀರ್ಪಿನಿಂದ ಹೊಸ ಎಣಿಕೆ. ಅವಧಿ ಮೀರಿದರೆ ಹೊಸ ನೋಟಿಸು, ಮತ್ತೆ ಗೋಡೆ. ಅಂಟಿಸಿದ ತಾರೀಖನ್ನು ಬರೆದುಕೊಂಡು ಬನ್ನಿ.

ಬೆದರಿಕೆ ಇದ್ದರೆ ನೋಟಿಸು ಕೊಡುವ ದಿನವೇ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಕ್ತಿ ವಾಹಿನಿ ಪ್ರಕರಣದ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಗೊಂದು ವಿಶೇಷ ಘಟಕ, ಜೋಡಿಗಳಿಗೆ ಸುರಕ್ಷಿತ ಮನೆ, ರಕ್ಷಣೆ ಕೊಡದ ಅಧಿಕಾರಿಗಳ ಮೇಲೆ ಕ್ರಮ ಎಂದು ನಿರ್ದೇಶಿಸಿದೆ. ಅರ್ಜಿಯಲ್ಲಿ ಆ ತೀರ್ಪಿನ ಹೆಸರು ಬರೆಯಿರಿ.

ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಘೋಷಣೆಗೂ ಅವರೇ, ಪ್ರಮಾಣಪತ್ರದ ಸಹಿಗೂ ಅವರೇ. ಒಬ್ಬರು ತಡವಾದರೆ ಇಡೀ ದಿನ ಹೋಗುತ್ತದೆ, ನಾಲ್ಕನೆಯವರೊಬ್ಬರನ್ನು ಕರೆದುಕೊಂಡು ಹೋಗಿ. ಎರಡೂ ಮನೆಯಿಂದ ಒಬ್ಬೊಬ್ಬ ಹಿರಿಯರು ಸಾಕ್ಷಿಯಾಗಿ ಸಹಿ ಹಾಕಿದರೆ ಆ ಕಾಗದಕ್ಕೆ ಬೇರೆಯೇ ತೂಕ ಬರುತ್ತದೆ. ಮದುವೆಯ ವಿಧಿ ಯಾವುದಾದರೂ ಆಗಬಹುದು, ಕಾಯ್ದೆ ಹೇರುವುದು ಒಂದೇ ಮಾತು: ಅಧಿಕಾರಿ ಮತ್ತು ಸಾಕ್ಷಿಗಳ ಮುಂದೆ ಒಬ್ಬರಿಗೊಬ್ಬರು ‘ನಿನ್ನನ್ನು ನನ್ನ ಕಾನೂನುಬದ್ಧ ಪತಿಯಾಗಿ/ಪತ್ನಿಯಾಗಿ ಸ್ವೀಕರಿಸುತ್ತೇನೆ’ ಎನ್ನುವುದು. ಅದು ಇಬ್ಬರಿಗೂ ತಿಳಿಯುವ ಯಾವ ಭಾಷೆಯಲ್ಲೂ ಆದೀತು. ಕನ್ನಡ, ಕೊಂಕಣಿ, ಉರ್ದು, ತುಳು, ಯಾವುದೂ ಸರಿ. ಹೆಚ್ಚುವರಿ ಶುಲ್ಕ ಕಟ್ಟಿದರೆ ಅಧಿಕಾರಿ ಹತ್ತಿರದ ಬೇರೆ ಸ್ಥಳಕ್ಕೂ ಬರಬಹುದೆಂಬ ಅವಕಾಶವೂ ಕಾಯ್ದೆಯಲ್ಲಿದೆ.

ಧಾರ್ಮಿಕ ವಿಧಿ ಮೊದಲೋ ನೋಂದಣಿ ಮೊದಲೋ ಎಂಬ ಗೊಂದಲ ಇದ್ದದ್ದೇ. ನೋಂದಣಿ ಮೊದಲಾಗಲಿ, ಅದೇ ವಾಸಿ. ಮೊದಲೇ ತಾಳಿ ಕಟ್ಟಿ ಅಥವಾ ನಿಕಾಹ್ ಮಾಡಿ, ಆಮೇಲೆ ‘ಅವಿವಾಹಿತ’ ಎಂದು ಘೋಷಿಸಿದರೆ ಸುಳ್ಳು ಹೇಳಿಕೆಯ ಪ್ರಶ್ನೆ ಏಳುತ್ತದೆ. ವಿಧಿ ಆಗಿಹೋಗಿದ್ದರೆ 15ನೇ ಕಲಮಿನಡಿ ಆ ಮದುವೆಯನ್ನೇ ನೋಂದಾಯಿಸಲು ಕೇಳಿ. ಅಲ್ಲೂ 30 ದಿನದ ಪ್ರಕಟಣೆ ಇದೆ, ಜೊತೆಗೆ ನೋಂದಣಿಯ ಹೊತ್ತಿಗೆ ವಧುವಿಗೂ 21 ತುಂಬಿರಬೇಕು. 19 ವರ್ಷದ ಹುಡುಗಿ 5ನೇ ಕಲಮಿನಡಿ ನೋಟಿಸು ಕೊಟ್ಟು ಮದುವೆಯಾಗಬಹುದು, 15ರಡಿ ನೋಂದಾಯಿಸಿಕೊಳ್ಳಲಾರಳು. ಕ್ಯಾಥೊಲಿಕ್ ಚರ್ಚಿನಲ್ಲೂ ವಿಧಿ ಬೇಕಿದ್ದರೆ ಕ್ರೈಸ್ತರಲ್ಲದವರನ್ನು ವರಿಸಲು ಬಿಷಪರ ವಿನಾಯಿತಿ ಬೇಕು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆಂದು ಕ್ಯಾಥೊಲಿಕ್ ಸಂಗಾತಿ ಮಾತು ಕೊಡಬೇಕು, ಅದು ಇನ್ನೊಬ್ಬರಿಗೂ ತಿಳಿದಿರಬೇಕು. ಈ ಮಾತನ್ನು ಆ ದಿನವೇ ಕೇಳಿ ಬೆಚ್ಚಿಬೀಳುವಂತಾಗಬಾರದು.

ಈ ಸೇವೆಯಿಂದ ಹೆಣ್ಣಿಗೆ ಸಿಗುವ ಭದ್ರತೆ ಗಟ್ಟಿಯಾದದ್ದು. ಎರಡನೇ ಮದುವೆ ಅಪರಾಧ. ತಲಾಖ್ ಹೇಳಿಯೋ ಊರ ಪಂಚಾಯ್ತಿಯಲ್ಲಿ ಕಾಗದ ಹರಿದೋ ಈ ಮದುವೆ ಮುರಿಯದು, ನ್ಯಾಯಾಲಯವೇ ಬೇಕು.

ಆಸ್ತಿಯ ಭಾಗ ಮಾತ್ರ ಗಮನವಿಟ್ಟು ಓದಬೇಕು. ಹಿಂದೂ ಅವಿಭಕ್ತ ಕುಟುಂಬದ ಮಗನೋ ಮಗಳೋ ಮುಸ್ಲಿಂ, ಕ್ರೈಸ್ತ, ಪಾರ್ಸಿಯನ್ನು ಈ ಕಾಯ್ದೆಯಡಿ ವರಿಸಿದರೆ 19ನೇ ಕಲಮಿನ ಪ್ರಕಾರ ಆ ಕುಟುಂಬದಿಂದ ಬೇರ್ಪಟ್ಟಂತೆ. ‘ಆಸ್ತಿ ಹೋಯಿತು’ ಎಂದು ನೆಂಟರು ಹೆದರಿಸುವುದು ಇದನ್ನೇ ಹಿಡಿದು. ಬೇರ್ಪಡುವುದೆಂದರೆ ಪಾಲಾದ ಹಾಗೆ. ಬರಬೇಕಾದ ಪಾಲು ಕಳೆದುಹೋಗುವುದಿಲ್ಲ. ವಾರಸು ಹಕ್ಕನ್ನು 20ನೇ ಕಲಮು ಕಾಯುತ್ತದೆ. ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನರೊಳಗಿನವರಾದರೆ 1976ರ ತಿದ್ದುಪಡಿಯಿಂದ ಈ ಬೇರ್ಪಡಿಕೆಯೂ ಇಲ್ಲ.

ಅದಕ್ಕಿಂತ ದೊಡ್ಡ ಬದಲಾವಣೆ ನಿಮ್ಮ ನಂತರದ್ದು. ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನರೊಳಗಿನವರಲ್ಲದಿದ್ದರೆ ನಿಮ್ಮ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಿಲ್ ಇಲ್ಲದೆ ಸತ್ತರೆ ಸಂಗಾತಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಮೂರನೇ ಎರಡು ಭಾಗ, ಗಂಡುಹೆಣ್ಣೆಂಬ ಭೇದವಿಲ್ಲ. ಮಕ್ಕಳಿದ್ದರೆ ಹೆತ್ತವರಿಗೆ ಏನೂ ಬರುವುದಿಲ್ಲ. ಮಕ್ಕಳಿಲ್ಲದಿದ್ದರೆ ಸಂಗಾತಿಗೆ ಅರ್ಧ, ಉಳಿದ ಅರ್ಧ ತಂದೆಗೆ. ತಂದೆ ಬದುಕಿರುವಾಗ ತಾಯಿಗೆ ಪಾಲಿಲ್ಲ. ಮುಪ್ಪಿನ ಅಮ್ಮನನ್ನು ಸಾಕುತ್ತಿರುವವರು ಇದನ್ನು ಎರಡು ಸಲ ಓದಿಕೊಳ್ಳಲಿ. ಪರಿಹಾರ ವಿಲ್. ಇಬ್ಬರು ಸಾಕ್ಷಿಗಳು ಸಾಕು, ಆದರೆ ಪಾಲು ಪಡೆಯುವವರಾಗಲಿ ಅವರ ಗಂಡ ಹೆಂಡತಿಯಾಗಲಿ ಸಾಕ್ಷಿಯಾಗಬಾರದು, ಹಾಗೆ ಸಾಕ್ಷಿಯಾದರೆ ಅವರಿಗೆ ಬರೆದದ್ದು ಅಸಿಂಧು. ಮದುವೆಗೆ ಮೊದಲು ಬರೆದ ವಿಲ್ಲನ್ನು ನಂಬಿಕೊಳ್ಳದೆ ಹೊಸದಾಗಿ ಬರೆಯಿರಿ. ಈ ವಾರಸು ನಿಯಮಕ್ಕಾಗಿಯೇ ಕೇರಳದ ಮುಸ್ಲಿಂ ದಂಪತಿಯೊಂದು 2023ರಲ್ಲಿ ತಮ್ಮ ಹಳೆಯ ಮದುವೆಯನ್ನು ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ನೋಂದಾಯಿಸಿಕೊಂಡಿತು. ಅವರಿಗಿದ್ದದ್ದು ಹೆಣ್ಣುಮಕ್ಕಳು ಮಾತ್ರ, ಇಡೀ ಆಸ್ತಿ ಅವರಿಗೇ ಸೇರಲಿ ಎಂಬುದು ಉದ್ದೇಶ.

ಬೇರೆ ದೇಶಗಳ ಜೊತೆ ಹೋಲಿಸಿದರೆ ಈ ಸೇವೆ ಎಷ್ಟು ಅಮೂಲ್ಯವೆಂದು ಕಾಣುತ್ತದೆ. ಲೆಬನಾನಿನಲ್ಲಿ ಮದುವೆ ಆಯಾ ಪಂಥದ ಅಧೀನ. ಧರ್ಮ ಬೇರೆಯಾದ ಜೋಡಿಗಳು ಸೈಪ್ರಸ್‌ಗೆ ಹೋಗಿ ನೋಂದಾಯಿಸಿಕೊಂಡು ಮರಳುತ್ತಾರೆ. ಇಂಡೊನೇಷ್ಯಾದ 1974ರ ಕಾನೂನು ಮದುವೆ ಆಯಾ ಧರ್ಮದ ವಿಧಿಯಂತೆ ನಡೆದರಷ್ಟೇ ಸಿಂಧು ಎನ್ನುತ್ತದೆ. ನಮ್ಮಲ್ಲಿ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆ, ಆ ಒಂದು ಗೋಡೆ ದಾಟಿದರೆ.

ಮಕ್ಕಳ ವಿಷಯಕ್ಕೆ ಬಂದರೆ ಕಾಯ್ದೆ ಸುಮ್ಮನಾಗುತ್ತದೆ. ಹೆಸರು, ಸುನ್ನತಿಯೋ ಉಪನಯನವೋ ದೀಕ್ಷಾಸ್ನಾನವೋ ಯಾವುದೂ ಬೇಡವೋ, ಹಬ್ಬಕ್ಕೆ ಯಾವ ಅಜ್ಜಿಯ ಮನೆ, ಎಲ್ಲವನ್ನೂ ಇಬ್ಬರೇ ಕೂತು ಮಾತಾಡಬೇಕು, ಮಗು ಹುಟ್ಟುವ ಮೊದಲೇ ಆದರೆ ಒಳ್ಳೆಯದು. ದತ್ತು ಬೇಕಿದ್ದರೆ ಹಿಂದೂ ದತ್ತಕ ಕಾಯ್ದೆ ಒದಗದು, 2015ರ ಬಾಲನ್ಯಾಯ ಕಾಯ್ದೆಯ ದಾರಿ ಹಿಡಿಯಬೇಕು. ಅದಕ್ಕೆ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು, ಹಾಗಾಗಿ ಪ್ರಮಾಣಪತ್ರದ ತಾರೀಖೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಅಂತ್ಯಕ್ರಿಯೆಯ ಮಾತನ್ನು ಹೆಚ್ಚಿನವರು ತೆಗೆಯುವುದೇ ಇಲ್ಲ. ಜಮಾತಿನ ಕಬರಸ್ತಾನ್, ಚರ್ಚಿನ ಸಮಾಧಿ ಭೂಮಿ, ಕುಲದ ರುದ್ರಭೂಮಿ, ಇವುಗಳಲ್ಲಿ ಜಾಗ ಕೊಡಿಸುವ ಅಧಿಕಾರ ಪ್ರಮಾಣಪತ್ರಕ್ಕಿಲ್ಲ. ಸಾವಿನ ಮನೆಯಲ್ಲಿ ಎರಡು ಕಡೆಯವರೂ ದೇಹದ ಮುಂದೆ ಜಗಳಕ್ಕೆ ನಿಂತರೆ ಉಳಿದ ಸಂಗಾತಿಗೆ ಮಾತಾಡುವ ಶಕ್ತಿಯೂ ಇರುವುದಿಲ್ಲ. ಹೂಳಬೇಕೋ ಸುಡಬೇಕೋ, ಎಲ್ಲಿ, ಯಾರು ಮುಂದೆ ನಿಲ್ಲಬೇಕು, ಇಷ್ಟನ್ನು ವಿಲ್ಲಿನಿಂದ ಪ್ರತ್ಯೇಕವಾದ ಒಂದು ಹಾಳೆಯಲ್ಲಿ ಸಹಿ ಹಾಕಿ ಬರೆದಿಡಿ. ವಿಲ್ ಸಾಮಾನ್ಯವಾಗಿ ತೆರೆಯುವುದು ಕ್ರಿಯೆ ಮುಗಿದ ಮೇಲೆ. ಆ ಹಾಳೆಯ ಒಂದೊಂದು ಪ್ರತಿ ಎರಡೂ ಮನೆಯ ಒಬ್ಬೊಬ್ಬರ ಕೈಯಲ್ಲಿ ಈಗಲೇ ಇರಲಿ.